ಕೆಂಟನ್ನಿನ ಜನಾಭಿಪ್ರಾಯ

ಊರ ಉಸಾಬರಿ ನಮಗ್ಯಾಕೆ ಅನ್ನುವವರ ಬಾಗಿಲನ್ನೇ ತಟ್ಟಿ ಊರ ಉಸಾಬರಿ ಕೇಳುವುದು ನನ್ನ ಕೆಲಸವಾಗಿತ್ತು. ಹಾಗಾಗಿ ನಗುವುದಕ್ಕೆ ನನಗೆಂದೂ ಬರ ಬೀಳಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ಲಂಡನ್ನಿನ ಒಂದು ಸಮೀಕ್ಷಾ ಕಂಪನಿಗಾಗಿ ಮನೆಮನೆ ತಿರುಗುತ್ತಿದ್ದೆ. ಆ ಸಲದ ಪ್ರಶ್ನೆ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಜಗಳದ್ದು. ಅಲ್ಲಿ ಬ್ರಿಟನ್ ಯಾರಿಗಾದರೂ ಸೇನಾ ನೆರವು ಕೊಡಬೇಕೆ, ಬೇಡವೆ? ಸೂಪರ್‌ವೈಸರ್ ಮೇಡಂ ಮೊದಲೇ ಎಚ್ಚರಿಸಿದ್ದರು. ನಾನು ತರುವ ಉತ್ತರಗಳಲ್ಲಿ ‘ಗೊತ್ತಿಲ್ಲ’ ಎಂಬುದೇ ಜಾಸ್ತಿಯಂತೆ. ಈ ಸಲವೂ ಹಾಗಾದರೆ ನನ್ನ ಜಾಗಕ್ಕೆ ಬೇರೆಯವರು. ಧಾರವಾಡದಿಂದ ಬಂದು ವರ್ಷಗಟ್ಟಲೆ ಮನೆಯಲ್ಲೇ ಕೂತಿದ್ದ ನನಗೆ ಇದು ಮೊದಲ ನೌಕರಿ. ಬಿಟ್ಟುಕೊಡುವ ಮನಸ್ಸು ಸುತರಾಂ ಇರಲಿಲ್ಲ.

೧. ಅತಿಥಿ ಸತ್ಕಾರ

ಲಂಡನ್ನಿನ ವೆಂಬ್ಲಿ ಬಡಾವಣೆಯಲ್ಲಿ ಬಾಗಿಲು ತೆರೆದವರು ಬೆಳಗಾವಿಯ ಒಬ್ಬ ಹಿರಿಯರು. ನನ್ನ ಕನ್ನಡ ಕೇಳಿದ್ದೇ ಒಳಗೆ ಕರೆದು, ಅವಲಕ್ಕಿ ತಿನ್ನಿಸಿ, ಚಹಾ ಕುಡಿಸಿ, ತವರುಮನೆ ಯಾವ ಓಣಿಯಲ್ಲಿ ಎಂದೆಲ್ಲ ವಿಚಾರಿಸಿದರು. ಕೊನೆಗೂ ಪ್ರಶ್ನೆ ಓದಿದೆ. ನಿಮ್ಮ ಅಭಿಪ್ರಾಯ ಏನು ಎಂದು ನನ್ನನ್ನೇ ಕೇಳಿದರು. ನಾನು ಹೇಳುವಂತಿಲ್ಲ, ಅದು ನಿಯಮ ಎಂದೆ. ಮನೆಗೆ ಬಂದ ಹೆಣ್ಣುಮಗಳ ಮನಸ್ಸು ನೋಯಿಸುವುದುಂಟೆ? ಬಹಳ ಹೊತ್ತು ಯೋಚಿಸಿ ಹೇಳಿದರು:

“ನಿಮಗ ಯಾವುದು ಅನುಕೂಲ ಆಗ್ತದ, ಅದನ್ನ ಬರಕೋರಿ ತಂಗಿ.”

೨. ಸ್ಟ್ಯಾನ್ಮೋರಿನ ಗುಟ್ಟು

ಮನೆಯಲ್ಲಿ ಯಾರ ಹುಟ್ಟಿದ ದಿನ ಎಲ್ಲರಿಗಿಂತ ಈಚೆಗೆ ಆಗಿಹೋಗಿದೆಯೋ ಅವರನ್ನೇ ಕೇಳಬೇಕು ಎಂಬುದು ಕಂಪನಿಯ ಕಟ್ಟುನಿಟ್ಟು. ಸ್ಟ್ಯಾನ್ಮೋರಿನ ಬೆಂಗಳೂರು ದಂಪತಿಯಲ್ಲಿ ಆ ಸರದಿ ಹೆಂಡತಿಯದಾಗಿತ್ತು. ಆದರೆ ಡಾಕ್ಟರ್ ಗಂಡ ಬಿಡಬೇಕಲ್ಲ. ಇಸ್ರೇಲಿಗೆ ನೆರವು ಕೊಡಲೇಬೇಕು, ನಮ್ಮವಳದೂ ಇದೇ ಅಭಿಪ್ರಾಯ ಎಂದು ಬರೆಸಹೊರಟರು. ಅವರನ್ನು ಪಕ್ಕದ ಕೋಣೆಗೆ ಸಾಗಹಾಕಿದೆ. ಆಕೆ ಬಾಗಿಲು ಮುಚ್ಚಿ, ಒಂದೊಂದು ಪ್ರಶ್ನೆಗೂ ಗಂಡನಿಗೆ ತದ್ವಿರುದ್ಧವಾದ ಉತ್ತರ ಕೊಟ್ಟರು. ಮುಖ ಹಬ್ಬದ ದಿನದ ಹಾಗೆ ಅರಳಿತ್ತು.

ಹೊರಡುವಾಗ ಗಂಡ, ‘ಏನು ಹೇಳಿದಳು?’ ಎಂದರು. ಅದು ಗುಟ್ಟು ಎಂದೆ.

“ಇಷ್ಟು ವರ್ಷ ಒಂದೇ ಮನೇಲಿದೀವಿ, ನಮ್ಮಿಬ್ಬರ ಮಧ್ಯೆ ಎಂಥ ಗುಟ್ಟು?”

“ಇನ್ನೂ ಒಂದೇ ಮನೇಲಿ ಇರ್ಬೇಕಲ್ಲ,” ಎಂದರು ಆಕೆ, “ಅದಕ್ಕೇ ಗುಟ್ಟು.”

೩. ಅಜ್ಜಿಯ ಸರದಿ

ಬೆಳಗಾವಿ ಹಿರಿಯರಂಥವರ ದಯೆಯಿಂದ ‘ಗೊತ್ತಿಲ್ಲ’ಗಳು ಮತ್ತೆ ರಾಶಿಬಿದ್ದವು. ಪರೀಕ್ಷಿಸಲು ಮೇಡಂ ತಾವೇ ನನ್ನ ಜೊತೆ ಕೆಂಟನ್ ಬಡಾವಣೆಗೆ ಹೊರಟರು. ಅದು ವಿಜಾಪುರದವರ ಮನೆ. ಇಂಜಿನಿಯರ್ ಮಗ ನಾವು ಕೂರುವ ಮೊದಲೇ ಇಸ್ರೇಲ್-ಪ್ಯಾಲೆಸ್ಟೀನಿನ ಇತಿಹಾಸ ಶುರುಮಾಡಿದ. ನಾನು ಎಲ್ಲರ ಹುಟ್ಟಿದ ದಿನ ಕೇಳಿದೆ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವನ ವಯಸ್ಸಾದ ತಾಯಿ, “ನಂದು ಸೀಗೀ ಹುಣ್ಣಿಮಿ ಮರುದಿನ. ಮೊನ್ನೆರ ಆತಲ್ಲ,” ಎಂದರು.

ಅಮ್ಮನಿಗೆ ರಾಜಕೀಯ ತಿಳಿಯದು ಎಂದು ಮಗ ಮೇಡಂಗೆ ಇಂಗ್ಲಿಷಿನಲ್ಲಿ ಹೇಳಿದ. ಮೇಡಂ ಕದಲಲಿಲ್ಲ. ನಿಯಮ ಅಂದರೆ ನಿಯಮ. ಅಜ್ಜಿ ಸೆರಗು ಸರಿಮಾಡಿಕೊಂಡು ಸೋಫಾದ ನಡುವೆ ಬಂದು ಕೂತರು, ಮಗನನ್ನು ಚಹಾ ಮಾಡಲು ಅಟ್ಟಿದರು. ನಾನು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದರು. ಮೇಡಂ ಕಣ್ಣೆದುರೇ ಇನ್ನೊಂದು ‘ಗೊತ್ತಿಲ್ಲ’, ನನ್ನ ನೌಕರಿಗೆ ಎಳ್ಳುನೀರು ಅಂದುಕೊಂಡೆ.

“ವಾರಗಿತ್ತೇರು ಹೊಡದಾಡೋ ಮನಿಗೆ ಯಾರರ ಒನಕಿ ಕಡಾ ಕೊಡ್ತಾರೇನವಾ? ಬ್ಯಾಡ.”

ಸ್ವಲ್ಪ ಬೇಡವೋ, ಪೂರ್ತಿ ಬೇಡವೋ ಎಂದು ಕೇಳುವುದು ನನ್ನ ಧರ್ಮ. ಕೇಳಿದೆ.

“ಬ್ಯಾಡ ಅನ್ನೋದರಾಗ ಸ್ವಲ್ಪ ಎಲ್ಲಿಂದ ಬಂತು?”

‘ಬಲವಾದ ವಿರೋಧ’ ಎಂದು ಬರೆದುಕೊಂಡೆ. ಅಜ್ಜಿಯ ಮಾತನ್ನೂ ಒನಕೆ ಅಂದರೇನೆಂಬುದನ್ನೂ ಮೇಡಂಗೆ ಇಂಗ್ಲಿಷಿನಲ್ಲಿ ವಿವರಿಸಿದಾಗ ಅವರು ಬಿದ್ದುಬಿದ್ದು ನಕ್ಕು, ಕೆಂಟನ್ ಇನ್ನು ನಿನ್ನದೇ ಎಂದುಬಿಟ್ಟರು. ಚುನಾವಣೆ ಗೆದ್ದಷ್ಟು ಸಂತೋಷವಾಯಿತು ನನಗೆ.

ಅಷ್ಟರಲ್ಲಿ ಮಗ ಚಹಾದ ಟ್ರೇ ಹಿಡಿದು ಬಂದ. “ನಾ ಹೇಳೋದು ಏನಂದ್ರ...”

“ನೀ ಸುಮ್ಮನ ಚಹಾ ಕೊಡು,” ಎಂದರು ಅಜ್ಜಿ. “ನಿನ್ನ ಹುಟ್ಟಿದ ದಿನ ಬರ್ಲಿ, ಆವಾಗ ನಿನ್ನೂ ಕೇಳ್ತಾರ.”