ಬಂಬದ ಚಿಮಣಿಗೆ ವಿಮಾನದ ಶಿಸ್ತು

ಒಂದು ಮನೆತನದ ನಾಗರಿಕತೆಯನ್ನು ಅಳೆಯಬೇಕಾದರೆ ಅಲ್ಲಿ ಬೆಂಕಿ ಹೇಗೆ ಹೊತ್ತುತ್ತದೆ ಎಂಬುದನ್ನಲ್ಲ, ಹೊಗೆ ಹೇಗೆ ಹೊರಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ಇದು ನನ್ನ ದೃಢವಾದ ಅಭಿಪ್ರಾಯ. ಈ ಅಳತೆಗೋಲಿನ ಪ್ರಕಾರ ಕಳೆದ ನರಕ ಚತುರ್ದಶಿಯ ಬೆಳಗಿನ ಐದು ಗಂಟೆಯವರೆಗೂ ನಾನು ನಾಗರಿಕನಾಗಿದ್ದೆ.

ನಾಸಿಕದ ನಮ್ಮ ಮನೆಯ ಹಿತ್ತಲ ಬಚ್ಚಲಿನಲ್ಲಿ ಒಂದು ತಾಮ್ರದ ಬಂಬ ಇದೆ. ಹೊಟ್ಟೆಯ ತುಂಬ ನೀರು, ನೀರಿನ ನಡುವೆ ಬೆಂಕಿಯ ಕೊಳವೆ, ಕೆಳಗೆ ಕಟ್ಟಿಗೆಯ ಒಲೆ. ಹೆಂಡತಿ ವಿಮಲಾ ಮದುವೆಯಾಗಿ ಬಂದಾಗ ಧಾರವಾಡದಿಂದ ಅವಳ ಜೊತೆಗೇ ಬಂದದ್ದು. ಇಬ್ಬರಲ್ಲಿ ಬೇಗ ಬಿಸಿಯಾಗುವವರು ಯಾರು ಎಂಬುದನ್ನು ನಾನು ಬರೆದು ಕೊಡಲಾರೆ. ಬಂಬದ ಹೊಗೆ ಮಾತ್ರ ಒಂದು ತಗಡಿನ ಚಿಮಣಿಯ ಮೂಲಕ ಬಚ್ಚಲಿನ ಶೀಟು ದಾಟಿ ಆಕಾಶಕ್ಕೆ ಹೋಗುತ್ತದೆ.

ಆ ಚಿಮಣಿಗೆ ಟೋಪಿ ಇರಲಿಲ್ಲ. ಮಳೆಗಾಲದಲ್ಲಿ ನೀರು ನೇರ ಒಲೆಗೇ ಸುರಿಯುತ್ತಿತ್ತು. ಜುಲೈಯಲ್ಲಿ ಒಂದು ಗೊರವಂಕ ಒಳಗೆ ಬಿದ್ದು, ಬೂದಿಯಲ್ಲಿ ಹೊರಳಿ, ಒಗೆದಿಟ್ಟ ಸೀರೆಯ ಮೇಲೆ ನಡೆದುಕೊಂಡು ಹೊರಗೆ ಹೋಯಿತು.

“ಸಿನ್ನರ್‌ನಾಗ ತಗಡಿನ ಕೆಲಸದಾಂವ ಒಬ್ಬ ಇದ್ದಾನ್ರಿ,” ಎಂದಳು ವಿಮಲಾ. “ಒಂದು ಟೋಪಿ ಕೂಡಿಸಿ ಹೋಗ್ತಾನ. ಅರ್ಧಾ ತಾಸಿನ ಕೆಲಸ.”

“ವಿಮಲಾ, ನಾ ಮೂವತ್ತೆರಡು ವರ್ಷ ಓಝರ್ ಕಾರ್ಖಾನಿಯಾಗ ವಿಮಾನ ತಪಾಸಣೆ ಮಾಡೀನಿ.”

“ಅದಕ್ಕ ಹೇಳ್ಳಿಕತ್ತೀನಿ, ಅವನ್ನ ಕರೀರಿ ಅಂತ.”

ನಾನು ಕರೆಯಲಿಲ್ಲ. ಏಕೆಂದರೆ ಈ ಸಲದ ದೀಪಾವಳಿ ಸಾಮಾನ್ಯವಾದದ್ದಾಗಿರಲಿಲ್ಲ. ಮಗಳು ಅನಘಾಳ ಮದುವೆ ಮೇ ತಿಂಗಳಲ್ಲಿ ಆಗಿತ್ತು. ಅಳಿಯ ನಿಖಿಲನ ಮೊದಲ ದೀಪಾವಳಿ ನಮ್ಮ ಮನೆಯಲ್ಲಿ. ಜೊತೆಗೆ ಅವನ ತಂದೆ, ಅಂದರೆ ನಮ್ಮ ಬೀಗರು, ಸಂಭಾಜಿನಗರದಿಂದ ಬರುವವರಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರರಾಗಿ ನಿವೃತ್ತರಾದವರು, ಮೂಲ ಕಲಬುರಗಿಯವರು. ನಿಶ್ಚಿತಾರ್ಥದ ದಿನ ಅವರು ಊಟ ಮಾಡುತ್ತ, “ನಮ್ಮ ಫ್ಲ್ಯಾಟಿನಾಗ ಬಂಬ ಎಲ್ಲೀದ್ರಿ! ಗೀಸರ್ ನೀರಿಗೆ ಹಬ್ಬದ ಕಳಾನೇ ಇಲ್ಲ,” ಎಂದು ನಿಟ್ಟುಸಿರು ಬಿಟ್ಟಿದ್ದರು. ನಾನು ಎಲೆಯ ಮುಂದೆಯೇ ಘೋಷಿಸಿದ್ದೆ: ಅಳಿಯನ ಮೊದಲ ಎಣ್ಣೆನೀರು ನಮ್ಮ ಬಂಬದಲ್ಲಿ, ಸೂರ್ಯೋದಯಕ್ಕೆ ಮುಂಚೆ! ಆ ದಿನ ಸೂರ್ಯ ಹುಟ್ಟಿದ ಮೇಲೆ ಮೀಯುವವನಿಗೆ ಏನು ಕಾದಿದೆ ಎಂಬುದು ಹಬ್ಬದ ಹೆಸರಿನಲ್ಲೇ ಇದೆ.

ಮಾತಿಗೆ ತೂಕ ಬರಲೆಂದು ಮನೆಯ ಗೀಸರನ್ನೂ ಕಳಚಿ ಅಟ್ಟಕ್ಕೆ ಏರಿಸಿದೆ.

“ಪಪ್ಪಾ, ಗೀಸರ್ ರಾಹೂ ದ್ಯಾ ನಾ,” ಎಂದು ಅನಘಾ ಫೋನಿನಲ್ಲಿ ಗೋಗರೆದಳು. ಇರಲಿ ಬಿಡಿ ಎಂಬುದನ್ನು ಅವಳು ಯಾವಾಗಲೂ ಮರಾಠಿಯಲ್ಲೇ ಹೇಳುವುದು. “ಬ್ಯಾಕಪ್ ಬೇಕಲ್ಲಾ?”

“ವಿಮಾನಕ್ಕ ಬ್ಯಾಕಪ್ ಬೇಕವ್ವಾ. ಬಂಬಕ್ಕ ನಾ ಇದ್ದೀನಿ.”

ಹಬ್ಬಕ್ಕೆ ಹನ್ನೊಂದು ದಿನ ಇರುವಾಗ ಕಾಮಗಾರಿ ಆರಂಭವಾಯಿತು. ಮೊದಲು ಗ್ರಾಫ್ ಹಾಳೆಯಲ್ಲಿ ನಕ್ಷೆ. ಕೊಳವೆಯ ಬಾಯಿಗೂ ಟೋಪಿಗೂ ನಡುವೆ ಹೊಗೆ ಹೋಗಲು ನಾಲ್ಕು ಬೆರಳು ಸಂದು, ಸಂದಿಗೆ ಹಕ್ಕಿ ನುಗ್ಗದಂತೆ ಜಾಲರಿ, ಮಳೆ ಜಾರಿ ಬೀಳಲು ಇಳಿಜಾರು. ನಕ್ಷೆಯಲ್ಲಿ ಇಂದಿಗೂ ಯಾರೂ ತಪ್ಪು ತೋರಿಸಲಾರರು. ಆಮೇಲೆ ನಾಲ್ಕು ಬೋಲ್ಟು. ಅವು ಅಲುಗಾಟಕ್ಕೆ ಸಡಿಲವಾಗಬಾರದೆಂದು ತಲೆಗಳಲ್ಲಿ ತೂತು ಕೊರೆದು, ಸ್ಟೀಲಿನ ತಂತಿ ಪೋಣಿಸಿ, ಒಂದಕ್ಕೊಂದನ್ನು ಹುರಿ ಹಾಕಿ ಬಿಗಿದೆ. ವಿಮಾನದಲ್ಲಿ ಹಾಗೆಯೇ ಮಾಡುತ್ತಾರೆ. ನಮ್ಮ ಬಚ್ಚಲು ಹಾರುವ ಸಂಭವ ಕಡಿಮೆ ಎಂದು ಆಗ ನನಗೆ ಹೊಳೆಯಲಿಲ್ಲ.

ವಿಮಾನದ ಇನ್ನೊಂದು ಶಿಸ್ತೂ ಇದೆ. ಕೆಲಸ ನಡೆಯುವಾಗ ತೆರೆದ ಕೊಳವೆ ಯಾವುದೇ ಇರಲಿ, ಅದರ ಬಾಯಿ ಮುಚ್ಚಬೇಕು, ಒಳಗೆ ಒಂದು ವಾಶರ್ ಕೂಡ ಬೀಳಬಾರದು. ಮುಚ್ಚುವ ಬಟ್ಟೆ ಕೆಂಪಾಗಿರಬೇಕು, ಮರೆತುಹೋಗದಂತೆ. ನಾನು ಪಡಸಾಲೆಯಲ್ಲಿ ಬಿದ್ದಿದ್ದ ಬಟ್ಟೆಯ ಗಂಟಿನಿಂದ ಒಂದು ಕೆಂಪು ಚಿಂದಿ ಎತ್ತಿಕೊಂಡು ಚಿಮಣಿಯ ಬಾಯಿಗೆ ಗಟ್ಟಿಯಾಗಿ ತುರುಕಿ, ಅದರ ಮೇಲೆ ಟೋಪಿ ಕೂಡಿಸಿ, ತಂತಿ ಬಿಗಿದು, ಕೆಳಗಿಳಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟೆ.

ಹೌದು, ಬಟ್ಟೆ ತೆಗೆಯಲಿಲ್ಲ. ನಿಮಗೆ ಈಗಲೇ ಗೊತ್ತಾಯಿತು. ನನಗೆ ಗೊತ್ತಾಗಲು ಹನ್ನೊಂದು ದಿನ ಬೇಕಾಯಿತು.

ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದೆ: “ಚಿಮಣಿ ಟೋಪಿ ಅಳವಡಿಸಲಾಗಿದೆ. ಕೊಳವೆ ತೆರವಾಗಿದೆ. ಪರೀಕ್ಷಿಸಲಾಗಿದೆ.” ಕೆಳಗೆ ನನ್ನ ಸಹಿ. ನಿಯಮದ ಪ್ರಕಾರ ಎರಡನೆಯ ಸಹಿ ಬೇಕು. ಕಡಲೆಹಿಟ್ಟು ಕಲಸುತ್ತಿದ್ದ ವಿಮಲಾಳ ಮುಂದೆ ಪುಸ್ತಕ ಹಿಡಿದೆ. ಹಿಟ್ಟಿನ ಕೈಯಲ್ಲೇ ಗೀಚಿದಳು. ನೋಟ್‌ಬುಕ್ಕನ್ನು ಬಚ್ಚಲಿನ ಬಾಗಿಲ ಮೊಳೆಗೆ ತೂಗುಹಾಕಿದೆ. ಹೊಸ ಟೋಪಿಯ ಮೊದಲ ಬೆಂಕಿ ಅಳಿಯನ ನೀರಿಗೇ ಎಂದು ಹಬ್ಬದವರೆಗೆ ಬಂಬ ಹೊತ್ತಿಸಲಿಲ್ಲ; ಮೀಯುವ ನೀರು ಅಡಿಗೆಮನೆಯ ಗ್ಯಾಸಿನ ಮೇಲೆ ಕಾಯುತ್ತಿತ್ತು.

ಹಬ್ಬ ಬಂತು. ಹಿಂದಿನ ಸಂಜೆ ಬಂಬ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಈ ಹಬ್ಬಕ್ಕೆಂದೇ ತರುವ ಕಹಿ ಹಿಂಡ್ಲಿಕಾಯಿಯ ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬಿದ್ದಾಯಿತು. ಬೀಗರು ಕೈಮುಗಿದು, “ನೋಡಿದ್ರನ ಜೀವ ಬೆಚ್ಚಗಾತ್ರಿ,” ಎಂದರು. ಬೆಳಿಗ್ಗೆ ಐದಕ್ಕೆ ಗಂಡಸರು ಮೂವರೂ ಪಂಚೆಯುಟ್ಟು ಮಣೆಯ ಮೇಲೆ ಕೂತೆವು. ವಿಮಲಾ ಮತ್ತು ಅನಘಾ ನೆತ್ತಿಗೆ ಎಣ್ಣೆ ಇಟ್ಟು ಆರತಿ ಎತ್ತಿದರು; ಅಂಗಾಲಿನವರೆಗೆ ಉಳಿದದ್ದನ್ನು ನಾವೇ ಹಚ್ಚಿಕೊಂಡೆವು. ನಾಸಿಕದ ಚಳಿಯಲ್ಲಿ ಮೂವರೂ ಎಣ್ಣೆಯಲ್ಲಿ ಅದ್ದಿದ ಬತ್ತಿಗಳಂತೆ ನಡುಗುತ್ತಿದ್ದೆವು. ನಾನು ಗಂಭೀರವಾಗಿ ಒಲೆ ಹೊತ್ತಿಸಿದೆ.

ಹೊಗೆ ಒಲೆಯ ಬಾಯಿಂದ ನನ್ನ ಮುಖಕ್ಕೇ ಬಂತು.

“ಬೀಗರ, ಕಟ್ಟಿಗಿ ಹಸೀ ಅವ,” ಎಂದರು ಬೀಗರು.

“ಛೇ! ಬ್ಯಾಸಗಿಯಾಗ ಒಣಗಿಸಿದ್ದು. ಚಿಮಣಿ ತಣ್ಣಗದ, ಅದು ಕಾಯೋತನಕ ಹೊಗಿ ಹಿಂದ ಬರತದ. ಇದು ವಿಜ್ಞಾನ.”

ಚಿಮಣಿ ಬೇಗ ಕಾಯಲೆಂದು ಒಂದು ಬುಟ್ಟಿ ತೆಂಗಿನ ಕರಟ ಸುರಿದೆ. ಬಚ್ಚಲಿನಲ್ಲಿ ಬೀಗರು ಕಾಣದಾದರು. ಕೆಮ್ಮು ಕೇಳಿಸುತ್ತಿತ್ತು, ಅದರಿಂದ ಇದ್ದಾರೆಂದು ಊಹಿಸಿದೆ.

“ನಿಮ್ಮ ವಿಜ್ಞಾನ ಅಡಗಿಮನಿಗೂ ಬಂತ್ರೀ!” ಎಂದು ಒಳಗಿನಿಂದ ವಿಮಲಾ ಕೂಗಿದಳು.

ಕಂಪೌಂಡಿನ ಆಚೆ ಪಕ್ಕದ ಮನೆಯ ಗಾಯಕವಾಡರ ತಲೆ ಮೂಡಿತು. “ಕಾಕಾ, ಆಗ್ ಲಾಗಲೀ ಕಾಯ್?” ಬೆಂಕಿ ಬಿತ್ತೇ ಎಂದು ಕೇಳುವುದರೊಳಗೇ ಅವರು ಬಕೆಟ್ ಎತ್ತಿಕೊಂಡಿದ್ದರು. ಪರರ ಬಕೆಟ್ಟಿನಿಂದ ನನ್ನ ಒಲೆ ಆರುವುದೆಂದರೇನು! ನಾನು ಬಂಬದ ನಲ್ಲಿ ತಿರುಗಿಸಿ, ಹಿಂದಿನ ಸಂಜೆ ಪೂಜೆ ಮಾಡಿ ತುಂಬಿದ ನೀರನ್ನೇ ಕೊಡಗಟ್ಟಲೆ ಹಿಡಿದು ಒಲೆಗೆ ಸುರಿದೆ. ಒಲೆ ಆರಿತು. ಬಂಬ ಬರಿದಾಯಿತು.

“ಮಾಮಾ, ಮ್ಯಾಲ ಏನೋ ಅಡ್ಡ ಬಂದದ,” ಎಂದ ನಿಖಿಲ. ವಾಳೂಜಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ. ಮಿತಭಾಷಿ. “ಟೋಪಿ ತಗದು ನೋಡೋಣು.”

ನಾನೇ ಏಣಿ ಹತ್ತಿದೆ. ಎಣ್ಣೆಯ ಪಾದ ಮೂರನೆಯ ಮೆಟ್ಟಿಲಿನವರೆಗೆ ಹೋಗಿ ಸ್ವಂತ ನಿರ್ಧಾರದಿಂದ ವಾಪಸಾಯಿತು. ಎರಡನೆಯ ಸಲ ಇಕ್ಕಳವೇ ಕೈಯಿಂದ ಜಾರಿ ತುಳಸಿ ಕಟ್ಟೆಗೆ ಹೋಯಿತು. ಆಗ ನಿಖಿಲ ಅಂಗೈ ಅಂಗಾಲುಗಳಿಗೆ ಕಡಲೆಹಿಟ್ಟು ತಿಕ್ಕಿಕೊಂಡು ಮೇಲೇರಿದ.

“ಮಾಮಾ, ಈ ತಂತಿ ಯಾಕ ಹಾಕೀರಿ?”

“ಸುರಕ್ಷತಾ!”

ಅವನು ಒಂದೊಂದೇ ತಂತಿ ಕತ್ತರಿಸತೊಡಗಿದ. ಕೆಳಗೆ ಏಣಿ ಹಿಡಿದು ನಿಂತ ನಾನು ಹಳೆಯ ರೂಢಿಯಂತೆ ಮನಸ್ಸಿನಲ್ಲೇ ತಪಾಸಣೆಯ ಪಟ್ಟಿ ಓದುತ್ತಿದ್ದೆ. ಬೋಲ್ಟು, ಸರಿ. ತಂತಿ, ಸರಿ. ಕೊಳವೆಯ ಮುಚ್ಚಳ ತೆಗೆಯಲಾಗಿದೆ...

ಅಲ್ಲಿಗೆ ಪಟ್ಟಿ ನಿಂತಿತು. ಎಣ್ಣೆಯ ಕೆಳಗೆ ಬೆವರು ಬಂತು. ಬಟ್ಟೆ ಮರೆತ ಕಿರಿಯರನ್ನು ನಾನು ಇಡೀ ಹ್ಯಾಂಗರ್ ಕೇಳುವಂತೆ ಬೈದವನು!

“ಅಳಿಯಂದಿರ, ಇಳೀರಿ! ಉಳಿದದ್ದು ನಾ ನೋಡ್ಕೋತೀನಿ!”

“ಮಾಡ್ಲಿ ಬಿಡ್ರಿ ಬೀಗರ, ಪ್ರಾಯದ ಹುಡುಗ,” ಎಂದು ಬೀಗರು ನನ್ನ ಭುಜ ತಟ್ಟಿದರು. ಕೈ ಜಾರಿತು.

ಮೂರನೆಯ ಬೋಲ್ಟು. ನಾಲ್ಕನೆಯದು. ಟೋಪಿ ಬಿಚ್ಚಿತು. ಅದೇ ಹೊತ್ತಿಗೆ ಗಾಯಕವಾಡರ ಟೆರೇಸಿನ ಮೇಲೆ ಸೂರ್ಯನೂ ಕಾಣಿಸಿಕೊಂಡ.

“ಒಳಗ ಏನೋ ತುರುಕ್ಯಾರ,” ಎಂದ ನಿಖಿಲ.

“ಹಕ್ಕಿ ಗೂಡಿರಬೇಕು!” ಎಂದು ನಾನು ಕೂಗಿದೆ. ಎಪ್ಪತ್ತರ ಹತ್ತಿರದ ಮನುಷ್ಯ ಇಷ್ಟು ಬೇಗ ಸುಳ್ಳು ಹೇಳಬಲ್ಲ ಎಂದು ನನಗೇ ತಿಳಿದಿರಲಿಲ್ಲ.

ನಿಖಿಲ ಜೋರಾಗಿ ಎಳೆದ. ಒಂದು ಬುಟ್ಟಿ ಮಸಿ ಅವನ ಎಣ್ಣೆಯ ಮೈಮೇಲೆ ಕೂತು ಅಲ್ಲೇ ನೆಲೆಸಿತು. ಕಪ್ಪು ಮುಖದಲ್ಲಿ ಎರಡು ಕಣ್ಣು ಬಿಟ್ಟು ಅವನು ಕೈಯಲ್ಲಿದ್ದುದನ್ನು ಬಿಡಿಸಿ ನೋಡಿದ.

“ಗೂಡಲ್ಲ ಮಾಮಾ. ಬ್ಲೌಸು. ಹುಕ್ ಅವ.”

ವಿಮಲಾ ಮುಂದೆ ಬಂದಳು.

“ನನ್ನ ಹಬ್ಬದ ಸೀರಿಯ ಬ್ಲೌಸ್! ಟೇಲರ್ ಕಳಿಸಿದ ಗಂಟಿನಾಗ ಇರಲಿಲ್ಲ, ಅವನ ಕಳದಾನಂತ ಅಂಗಡಿಗೆ ಹೋಗಿ ಬೈದು ಬಂದೀನಲ್ರೀ!”

ಬೀಗರು ಇಷ್ಟರಲ್ಲಿ ಮೊಳೆಯಲ್ಲಿದ್ದ ನೋಟ್‌ಬುಕ್ಕನ್ನು ಬಿಡಿಸಿಕೊಂಡು ಬ್ಯಾಂಕಿನ ಗಾಂಭೀರ್ಯದಿಂದ ಓದುತ್ತಿದ್ದರು. “‘ಕೊಳವೆ ತೆರವಾಗಿದೆ. ಪರೀಕ್ಷಿಸಲಾಗಿದೆ.’ ಎರಡು ಸಹಿ ಬ್ಯಾರೆ ಅವಲ್ರಿ. ಇದು ಬೀಗಿತ್ತಿಯವರದೇನು?”

“ನಾ ಕೊರಿಯರ್ ಬಂದದ ಅಂತ ತಿಳದು ಸಹಿ ಮಾಡೀನ್ರಿ,” ಎಂದಳು ವಿಮಲಾ.

ಅನಘಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಳುತ್ತಿದ್ದಾಳೆಂದು ಹತ್ತಿರ ಹೋದೆ. ನಗುತ್ತಿದ್ದಳು.

ಗಾಯಕವಾಡರು ದೊಡ್ಡ ಮನಸ್ಸಿನವರು. ಗೀಸರ್ ಹಾಕಿಯೇ ಬಂದು ಕರೆದರು. ಅವರ ಗೇಟು ರಸ್ತೆಯ ಕಡೆಗಿತ್ತು. ಹೊಸ ಬಟ್ಟೆ ತೊಟ್ಟು ಓಡಾಡುತ್ತಿದ್ದ ಜನರ ನಡುವೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಕೈಮುಗಿಯುತ್ತ ಎಲ್ಲರಿಗೂ ಶುಭಾಶಯ ಹೇಳುತ್ತಿದ್ದ ಬೀಗರು, ನಡುವೆ ಅಳಿಯ, ಹಿಂದೆ ಸೋಪು ಹಿಡಿದ ನಾನು. ನಿಖಿಲನನ್ನು ಕಂಡ ಒಂದು ಮಗು, “ಆಯೀ, ನರಕಾಸುರ!” ಎಂದು ತಾಯಿಯ ಹಿಂದೆ ಅಡಗಿತು.

ಅಳಿಯನ ಮೊದಲ ದೀಪಾವಳಿಯ ಎಣ್ಣೆನೀರು ಗಾಯಕವಾಡರ ಬಾತ್‌ರೂಮಿನಲ್ಲಿ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಆಯಿತು. ಮಸಿ ಹೋಗಲು ಎರಡು ಸೋಪು ಬೇಕಾದವು. ಟೋಪಿಯನ್ನು ಮಾರನೆಯ ದಿನ ನಿಖಿಲ ಮತ್ತೆ ಕೂಡಿಸಿದ; ನನಗೆ ಏಣಿ ಹಿಡಿಯುವ ಕೆಲಸವನ್ನೂ ಕೊಡಲಿಲ್ಲ. ಹೊಗೆ ಈಗ ಮೇಲಕ್ಕೆ ಹೋಗುತ್ತದೆ.