ಮೇಷ್ಟ್ರ ಮನೆಯ ಕರಿ ಕಂಬ

ಸಂಪತ್ಕುಮಾರ ಮೇಷ್ಟ್ರಿಗೆ ಇದ್ದದ್ದು ಒಂದೇ ಆಸೆ. ಹೊಳೆನರಸೀಪುರದ ತಮ್ಮ ಮನೆಯ ಮೇಲೆ ನಾಲ್ಕೂ ಕಡೆ ಕಿಟಕಿಯಿರುವ ಒಂದು ಕೋಣೆ, ಅದರಲ್ಲೊಂದು ಮಂಚ, ಮಂಚದ ಮೇಲೆ ತಾವು. ಅಲ್ಲಿಂದ ಹೇಮಾವತಿ ಹೊಳೆ ಕಾಣುತ್ತದೆ, ಮೋಡ ಕಾಣುತ್ತದೆ, ಹೆಂಡತಿ ಹಂಸ ಕೂಗಿದರೆ ಅರ್ಧ ಮಾತ್ರ ಕೇಳಿಸುತ್ತದೆ. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವಾಗಲೂ ಅವರು ಬೋರ್ಡಿನ ಮೇಲೆ ಮಾವಿನಹಣ್ಣು ಬರೆಯಲು ಹೋಗಿ ಕಿಟಕಿ ಬರೆದುಬಿಡುತ್ತಿದ್ದರು.

ಅಡ್ಡಿಯಾದದ್ದು ಜಗಲಿಯ ಕಾಂಕ್ರೀಟ್ ಕಂಬ. ಬಿರುಕು ಬಿಟ್ಟು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿತ್ತು. ಕೋಣೆಯ ಭಾರ ತಡೆಯುವುದಿಲ್ಲ, ಆದರೆ ಒಡೆಯುವುದೂ ಬೇಡ ಎಂದ ಹಾಸನದ ಇಂಜಿನಿಯರ್ ಶಶಿಕಿರಣ್. ಹಿಂದಿನ ವಾರವೇ ತುಕ್ಕು ಕೆರೆದು ಬಿರುಕು ಮುಚ್ಚಿದ್ದ ಅವನು, ಈ ಭಾನುವಾರ ಬೆಳಿಗ್ಗೆ ಕಂಬಕ್ಕೆ ಅಂಟು ಬಳಿದು ಕಾರ್ಬನ್ ನೂಲಿನ ಕರಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿದ.

"ಅಂಟು ಒಣಗಿದ್ರೆ ಇದರ ಮುಂದೆ ಉಕ್ಕೂ ಸೋಲುತ್ತೆ ಸರ್. ಆದ್ರೆ ಸಂಜೆವರೆಗೂ ಒಂದು ಬೆರಳೂ ತಾಗಬಾರದು, ಬೆಂಕಿ ಹತ್ರ ಬರಬಾರದು. ಕೆಟ್ರೆ ಎಲ್ಲ ಕಿತ್ತು ಮೊದಲಿಂದ ಮಾಡ್ಬೇಕು," ಎಂದು ಹೇಳಿ ಅರಕಲಗೂಡಿನ ಇನ್ನೊಂದು ಕೆಲಸಕ್ಕೆ ಹೊರಟ.

ಅವನ ಬೈಕು ತಿರುವು ದಾಟುವ ಮೊದಲೇ ಎದುರುಮನೆಯ ನಂಜಪ್ಪ ಬಂದ. ಆ ಕಂಬಕ್ಕೆ ಒರಗಿಕೊಂಡು ಎಲೆ ಅಡಿಕೆ ಹಾಕುವುದು ಅವನ ಇಪ್ಪತ್ತು ವರ್ಷದ ಅಭ್ಯಾಸ.

"ಒರಗಬೇಡಿ! ಈ ಬಟ್ಟೆ ಕಂಬಕ್ಕೆ ಬಲ ಕೊಡುತ್ತೆ," ಎಂದರು ಮೇಷ್ಟ್ರು.

"ಬಟ್ಟೆ ಸುತ್ತುದ್ರೆ ಬಲ ಬತ್ತದಾ? ನಮ್ಮಜ್ಜಿ ಮಂಡಿಗೆ ಇಂಗೇ ಸುತ್ಕೊಂಡಿದ್ಲು ಮೇಷ್ಟ್ರೇ, ಸಾಯೋಗಂಟ ಮ್ಯಾಕೆ ಏಳ್ನಿಲ್ಲ," ಎನ್ನುತ್ತಾ ನಂಜಪ್ಪ ತೋರುಬೆರಳು ಚಾಚಿದ. ಪಕ್ಕದ ಮನೆಯ ರೇವಮ್ಮ ಒದ್ದೆ ಸೀರೆ ಹಿಡಿದು, ಎಂದಿನಂತೆ ಕಂಬಕ್ಕೆ ಹಗ್ಗ ಕಟ್ಟಲು ಬಂದಳು.

ಮೇಷ್ಟ್ರು ಆಗಲೇ ಮನಸ್ಸಿನಲ್ಲೇ ಮೇಲಿನ ಕೋಣೆ ಕಟ್ಟಿ ಅದರಲ್ಲಿ ಮಲಗಿದ್ದರು. ತಂಗಾಳಿ ಬೀಸುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. ಬೆರಳು ಕಂಬದ ಹತ್ತಿರ ಬಂದದ್ದು ಕಂಡಾಗ ಬೆಚ್ಚಿಬಿದ್ದು ಕೂಗಿದರು. "ಮುಟ್ಟಬೇಡಿ! ಅದು ದೇವರದು!"

ಇಬ್ಬರೂ ಎರಡು ಹೆಜ್ಜೆ ಹಿಂದೆ ಸರಿದರು. ಸತ್ಯಕ್ಕೆ ಸಿಗದ ಮರ್ಯಾದೆ ಸುಳ್ಳಿಗೆ ಒಂದೇ ಕ್ಷಣದಲ್ಲಿ ಸಿಕ್ಕಿತು.

"ಯಾವ ದ್ಯಾವ್ರು ಮೇಷ್ಟ್ರೇ?" ರೇವಮ್ಮ ಪಿಸುಗುಟ್ಟಿದಳು.

ಅಷ್ಟು ದೂರ ಮೇಷ್ಟ್ರು ಯೋಚಿಸಿರಲಿಲ್ಲ. "ಹೆಸರು... ಹೇಳಬಾರದು."

ಹೆಸರು ಹೇಳಿದ್ದರೆ ಬೀದಿ ಅಲ್ಲಿಗೇ ಸುಮ್ಮನಾಗುತ್ತಿತ್ತೋ ಏನೋ. ಹತ್ತು ಗಂಟೆಗೆ ಗೇಟಿನ ಮುಂದೆ ಐದು ಜನ, ಹನ್ನೆರಡಕ್ಕೆ ಐವತ್ತು. ಯಾರೋ ಆರತಿ ತಂದರು. ಮೇಷ್ಟ್ರು ಬೆವರುತ್ತಾ, "ಈ ದೇವರಿಗೆ ಬೆಂಕಿ ಆಗಲ್ಲ," ಎಂದರು. ಕುಂಕುಮ ತಂದರೆ, "ಸಂಜೆವರೆಗೂ ಮಡಿ," ಎಂದರು. ಒಂದೊಂದು ನಿಯಮಕ್ಕೂ ಭಕ್ತಿ ದುಪ್ಪಟ್ಟಾಯಿತು. ಹಣ್ಣುಕಾಯಿ ಗೇಟಿನ ಹೊರಗೇ ರಾಶಿ ಬಿತ್ತು, ಹಂಸ ಒಳಗಿಂದ ದೊಡ್ಡ ಹರಿವಾಣ ತಂದಳು. ಕಂಬವನ್ನು ಒಬ್ಬರೂ ಮುಟ್ಟಲಿಲ್ಲ. ಮೇಷ್ಟ್ರಿಗೆ ತಮ್ಮ ಬುದ್ಧಿಯ ಮೇಲೆ ಎಂದೂ ಇಲ್ಲದ ಅಭಿಮಾನ ಉಕ್ಕಿತು. ಕುರ್ಚಿಯಲ್ಲಿ ಒರಗಿ, ಕಿಟಕಿಗೆ ನೀಲಿ ಪರದೆಯೋ ಹಳದಿಯೋ ಎಂದು ಯೋಚಿಸುತ್ತಾ ತೂಕಡಿಸಿದರು.

ಸಂಜೆ ಶಶಿಕಿರಣ್ ಬಂದು, ಜನರನ್ನು ಸರಿಸಿ, ಕಂಬವನ್ನು ನಾಣ್ಯದಿಂದ ತಟ್ಟಿ ನೋಡಿದ. "ಫಸ್ಟ್‌ಕ್ಲಾಸ್! ಒಂದು ವಾರ ಬಿಟ್ಟು ಮೇಲೆ ಧಾರಾಳವಾಗಿ ರೂಮ್ ಕಟ್ಟಿ ಸರ್." ಮೇಷ್ಟ್ರ ಕಣ್ಣು ತುಂಬಿ ಬಂತು.

"ಎಲ್ಲಿ ಕಟ್ಟಾದು?" ಎಂದ ನಂಜಪ್ಪ. "ದ್ಯಾವ್ರ ನೆತ್ತಿ ಮ್ಯಾಲೆ ಮಂಚ ಆಕ್ಕೊಂಡು ಕಾಲು ಚಾಚ್ಕತೀರಾ? ಊರಿಗೇ ಕೇಡು ಕಣ್ರೀ!"

ಮೇಷ್ಟ್ರು ಎರಡೂ ಕೈ ಆಡಿಸಿದರು. "ದೇವರೂ ಇಲ್ಲ ಏನೂ ಇಲ್ಲ ನಂಜಪ್ಪ! ನಾನು ಸುಳ್ಳು ಹೇಳಿದೆ!"

"ಬುಡ್ತು ಅನ್ನಿ!" ರೇವಮ್ಮ ಕೆನ್ನೆ ಬಡಿದುಕೊಂಡಳು. "ಕೈ ಮುಗುದ್ ಮ್ಯಾಲೆ ನನ್ ಸೊಂಟದ ನೋವು ಓಗೈತೆ."

ಇನ್ನು ಉಳಿದವನು ಒಬ್ಬನೇ. "ಶಶಿಕಿರಣ್, ನೀವೇ ಸುತ್ತಿದ್ದಲ್ಲವೇ? ಇವರಿಗೆ ಹೇಳಿ!" ಎಂದು ಮೇಷ್ಟ್ರು ತಿರುಗಿ ನೋಡಿದರು.

ಶಶಿಕಿರಣ್ ಶೂ ಬಿಚ್ಚಿಟ್ಟು, ಕಂಬದ ಮುಂದೆ ಕಣ್ಣುಮುಚ್ಚಿ ನಿಂತಿದ್ದ. ಮೆಲ್ಲಗೆ ಒಂದು ಕಣ್ಣು ತೆರೆದ. "ಸರ್, ಮೂರು ವರ್ಷದಿಂದ ನನಗೆ ಮದುವೆಗೆ ಹೆಣ್ಣು ಸಿಕ್ತಿಲ್ಲ. ಇಲ್ಲಿ ಹರಕೆ ಹೇಗೆ ಕಟ್ಕೋಬೇಕು?"

ಒಳಗೆ ಹಂಸ, ದೇವರ ನೆತ್ತಿಯನ್ನು ಯಾರೂ ತುಳಿಯದಂತೆ, ತಾರಸಿಯ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.