ಮಗ್ಗದಿಂದ ಮೀನಿನವರೆಗೆ

ಓದಲು ಶುರು ಮಾಡುವುದು ಹೇಗೆಂದು ಕಲಿಸುವವರು ಊರಿಗೊಬ್ಬರಿದ್ದಾರೆ. ನಿಲ್ಲಿಸುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ. ನಾಸಿಕದ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಮಾಲೇಗಾಂವದ ನೇಕಾರರ ಮೇಲೆ ಪಿಎಚ್‌ಡಿ ಮಾಡಲು ಹೊರಟವನು ನಾನು. ಉಳಿದದ್ದೆಲ್ಲ ಬರೆದಾಗಿತ್ತು, ಹಿಂದಿನವರು ಏನೇನು ಬರೆದಿದ್ದಾರೆ ಎಂದು ಹೇಳುವ ಮೊದಲ ಅಧ್ಯಾಯವೊಂದೇ ಬಾಕಿ. ಆದರೆ ಮಗ್ಗದ ಪುಸ್ತಕ ನೂಲಿನತ್ತ ಕೈ ತೋರಿಸುತ್ತಿತ್ತು, ನೂಲು ಬಣ್ಣದತ್ತ, ಬಣ್ಣ ಹೊಳೆಯ ನೀರಿನತ್ತ. ಹೊಳೆಗೆ ಇಳಿದ ಮೇಲೆ ಮೀನನ್ನು ಬಿಡಲಾದೀತೆ? ನಮ್ಮ ಶುದ್ಧ ಸಸ್ಯಾಹಾರಿ ಮನೆಗೆ ಮೀನಿನ ಗ್ರಂಥ ಬಂದ ದಿನ ಹೆಂಡತಿ ಶಾಂತಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನೇಕಾರ್ರು ಎಲ್ಲಿ ಹೋದ್ರೀ? ಮುಳುಗಿದ್ರೇನು?" ಎಂದಳು.

ನಾನೇನು ಮಾಡಲಿ? ಔರಂಗಾಬಾದಿನ ನನ್ನ ಪಿಎಚ್‌ಡಿ ಗುರುಗಳ ಅಪ್ಪಣೆಯೇ ಹಾಗಿತ್ತು. ಟಿಪ್ಪಣಿಗಳ ಕಟ್ಟು ಹೊತ್ತು ಬಸ್ಸಿಳಿದು ಹೋದಾಗಲೆಲ್ಲ ಅವರು ಬಾಯ್ತುಂಬ ಪಾನ್ ಇಟ್ಟುಕೊಂಡೇ, "ಆತಾ ಪುರೆ ಕರಾ" ಎನ್ನುತ್ತಿದ್ದರು. ನನ್ನ ಮರಾಠಿಯೋ, ಗುಲಬರ್ಗಾದ ಮಾತಿಗೆ 'ಆಹೆ'ಯ ಒಗ್ಗರಣೆ ಕೊಟ್ಟದ್ದು. 'ಆತಾ' ಎಂದರೆ ಈಗ, 'ಕರಾ' ಎಂದರೆ ಮಾಡಿ, ಅಷ್ಟು ಗೊತ್ತಿತ್ತು. ನಮ್ಮ ಕಡೆ 'ಪೂರಾ' ಎಂದರೆ ಪೂರ್ತಿ. ಇನ್ನೂ ಪೂರಾ ಆಗಿಲ್ಲವಂತೆ ಎಂದುಕೊಂಡು ಮುಂದಿನ ಸಲ ಇಮ್ಮಡಿ ಹೊರುತ್ತಿದ್ದೆ. ಕಟ್ಟು ದಪ್ಪವಾದಷ್ಟೂ ಅವರ ಮುಖ ಸಪ್ಪಗಾಗುತ್ತಿತ್ತು. ಆ ಬೇಸಿಗೆಗೆ ಅವರು ನಿವೃತ್ತರಾಗುವವರು. ಅಷ್ಟರೊಳಗೆ ಪ್ರಬಂಧ ಮುಟ್ಟದಿದ್ದರೆ ಬೇರೆ ಗುರುವನ್ನು ಹುಡುಕಿ ಮತ್ತೆ ಓನಾಮದಿಂದ ಶುರು.

ಕೊನೆಗೊಮ್ಮೆ ಶಾಂತಾಳನ್ನೂ ಕರೆದುಕೊಂಡು ಹೋದೆ. ಗುರುಪತ್ನಿ ನಮ್ಮನ್ನೆಲ್ಲ ಊಟಕ್ಕೆ ಕೂರಿಸಿ ಹೋಳಿಗೆ ಬಡಿಸುತ್ತಿದ್ದರು. ಗುರುಗಳು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಪುರೆ, ಪುರೆ!" ಎಂದರು.

"ಪೂರಾ ಹೋಳಿಗೆ ಬೇಕಂತಾರ, ಮತ್ತ ಕೈ ಯಾಕ ಅಡ್ಡ?" ಎಂದು ಶಾಂತಾಳ ಕಿವಿಯಲ್ಲಿ ಕೇಳಿದೆ.

"ಅಯ್ಯ, ಪುರೆ ಅಂದ್ರ ಸಾಕು ಅಂತ್ರೀ! ಹಾಲು ಹಾಕಾವ್ಗ ನಾ ದಿನಾ ಅದನ್ನ ಅಂತೀನಿ."

ಕೈಯಲ್ಲಿದ್ದ ಹೋಳಿಗೆಯನ್ನು ತಾಟಿಗಿಟ್ಟೆ. ಹಾಗಾದರೆ ಇಷ್ಟು ದಿನ ಗುರುಗಳು ಹೇಳುತ್ತಿದ್ದುದು, ಇನ್ನು ಸಾಕು ಮಾಡಿ! ಸಂಗತಿ ಬಿಚ್ಚಿ ಹೇಳಿದಾಗ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನೀವು ನನ್ನ ಮಾತು ಕೇಳುವುದೇ ಇಲ್ಲ ಅಂದುಕೊಂಡಿದ್ದೆ. ಕೇಳಿ ಕೇಳಿಯೇ ಇಷ್ಟಾಯಿತೇ?" ಎಂದರು.

ಮೀನುಗಳನ್ನು ಹೊಳೆಗೇ ಬಿಟ್ಟು ಅಧ್ಯಾಯ ಮುಗಿಸಿದೆ. ಬೇಸಿಗೆಗೆ ಮೊದಲೇ ಪ್ರಬಂಧ ಗುರುಗಳ ಕೈ ಸೇರಿತು. ಬುದ್ಧಿಯೂ ಬಂತು ಎನ್ನಬೇಕು. ಆದರೆ ಈ 'ಪುರೆ'ಯ ಮೂಲ ಎಲ್ಲಿಯದೆಂದು ಕುತೂಹಲ ಹುಟ್ಟಿ, ಮೊನ್ನೆ ಎರಡು ನಿಘಂಟು ತಂದೆ. ಮೂರನೆಯದಕ್ಕೆಂದು ಚಪ್ಪಲಿ ಮೆಟ್ಟುತ್ತಿದ್ದಂತೆ ಅಡುಗೆಮನೆಯಿಂದ ಶಾಂತಾಳ ದನಿ ಬಂತು, ನನಗೀಗ ಚೆನ್ನಾಗಿ ತಿಳಿಯುವ ಮರಾಠಿಯಲ್ಲಿ:

"ಪುರೆ!"